‘ಅರ್ಥ ಆಯ್ತಾ?’ ಅಂತ ಕೇಳಬೇಡಿ

ವಯಸ್ಕರಿಗೆ ಓದು ಕಲಿಸುತ್ತಿದ್ದ ದಿನಗಳಲ್ಲಿ ‘ಕನ್ನಡಕ ಮನೆಯಲ್ಲೇ ಬಿಟ್ಟು ಬಂದೆ ಮೇಷ್ಟ್ರೇ’ ಎಂಬ ಮಾತು ಪದೇ ಪದೇ ಕಿವಿಗೆ ಬೀಳುತ್ತಿತ್ತು. ಮೊದಮೊದಲು ನಂಬಿದೆ. ಓದಲು ತಡವರಿಸುವ ದೊಡ್ಡವರು ಅದನ್ನು ಮುಚ್ಚಿಡುವುದರಲ್ಲಿ ಎಷ್ಟು ಪಳಗಿರುತ್ತಾರೆ ಎಂಬುದು ತಿಳಿದದ್ದು ಆಮೇಲೆ. ‘ಅರ್ಥ ಆಯ್ತಾ?’ ಎಂದರೆ ‘ಹೂಂ’ ಅನ್ನುತ್ತಾರೆ. ಆ ಹೂಂಗುಟ್ಟುವಿಕೆ ಮರ್ಯಾದೆ ಉಳಿಸಿಕೊಳ್ಳಲಿಕ್ಕೆ, ಅಷ್ಟೇ.

ನನ್ನನ್ನು ತರಗತಿಯಿಂದ ಸರಳ ಬರವಣಿಗೆಯ, ಅಂದರೆ ಚೀಟಿ, ಪತ್ರ, ಅರ್ಜಿಗಳನ್ನು ಎಲ್ಲರಿಗೂ ತಿಳಿಯುವಂತೆ ಬರೆಯುವ ಕಸುಬಿಗೆ ತಂದದ್ದು ನಾನೇ ಬರೆದ ಒಂದು ಮಾತ್ರೆಯ ಚೀಟಿ. ‘ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟವಾದ ಎರಡು ಗಂಟೆಯ ನಂತರ ತೆಗೆದುಕೊಳ್ಳಿ.’ ಚಿಕ್ಕ ವಾಕ್ಯ, ಕಠಿಣ ಪದ ಒಂದೂ ಇಲ್ಲ. ಒಬ್ಬ ಹಿರಿಯರಿಗೆ ಕೊಟ್ಟೆ. ಎಲ್ಲೂ ಎಡವದೆ ಓದಿದರು. ‘ಹಾಗಾದ್ರೆ ನೀವು ಮಾತ್ರೆ ಯಾವಾಗ ನುಂಗ್ತೀರಿ, ಹೇಳಿ’ ಎಂದೆ. ‘ಊಟಕ್ಕೆ ಮೊದಲೊಂದು, ಆಮೇಲೊಂದು.’

ದಿನಕ್ಕೆ ಒಂದೇ ನುಂಗಬೇಕಿದ್ದ ಮಾತ್ರೆ ಅದು.

ಪದ ಬದಲಿಸಿ ಸರಿಪಡಿಸುವ ತಪ್ಪು ಇದಾಗಿರಲಿಲ್ಲ. ಎರಡು ಆಯ್ಕೆಗಳಲ್ಲಿ ಒಂದನ್ನು ಕೈಬಿಡಬೇಕಿತ್ತು, ಅದಕ್ಕೆ ವೈದ್ಯರು ಒಪ್ಪಬೇಕಿತ್ತು. ಅವರ ಜೊತೆ ಕೂತು ಮಾತಾಡಿದ ಮೇಲೆ ಚೀಟಿ ಹೀಗಾಯಿತು: ‘ದಿನಕ್ಕೆ ಒಂದೇ ಮಾತ್ರೆ. ಬೆಳಿಗ್ಗೆ ಎದ್ದ ಕೂಡಲೇ ನುಂಗಿ. ಆಮೇಲೆ ಒಂದು ಗಂಟೆ ಏನೂ ತಿನ್ನಬೇಡಿ.’ ಈ ಕಸುಬಿನಲ್ಲಿ ಹೊತ್ತು ಹೋಗುವುದು ಬರೆಯುವುದಕ್ಕಲ್ಲ. ‘ಓದುವವರು ಏನು ಮಾಡಬೇಕು?’ ಎಂಬುದನ್ನು ಬಲ್ಲವರ ಬಾಯಿಂದ ಹೊರಡಿಸುವುದಕ್ಕೆ. ಎಷ್ಟೋ ಸಲ ಅವರೇ ತೀರ್ಮಾನಿಸಿರುವುದಿಲ್ಲ. ಗೋಜಲು ವಾಕ್ಯದ ಹಿಂದೆ ಸಾಮಾನ್ಯವಾಗಿ ಬಗೆಹರಿಯದ ಒಂದು ಜಗಳ ಇರುತ್ತದೆ.

ಸರಳ ಭಾಷೆಗೆಂದೇ 2023ರಲ್ಲಿ ಒಂದು ಅಂತರರಾಷ್ಟ್ರೀಯ ಮಾನದಂಡ ಬಂತು, ಐಎಸ್‌ಒ 24495-1. ಅದರ ಸಾರ ಇಷ್ಟು: ಓದುಗರಿಗೆ ಬೇಕಾದದ್ದು ಸಿಗಬೇಕು, ಸಿಕ್ಕಿದ್ದು ತಿಳಿಯಬೇಕು, ತಿಳಿದದ್ದು ಬಳಕೆಗೆ ಬರಬೇಕು. ನನ್ನ ಮೊದಲ ಚೀಟಿ ಬಿದ್ದದ್ದು ಮೂರನೆಯ ಮೆಟ್ಟಿಲಲ್ಲಿ.

ಬರಹ ಸುಲಭವೋ ಕಷ್ಟವೋ ಎಂದು ಅಳೆಯುವ ಸೂತ್ರಗಳೂ ಇವೆ. ಸರಳ ಇಂಗ್ಲಿಷಿನ ಪ್ರತಿಪಾದಕ ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟ ಸೂತ್ರ ವಾಕ್ಯದ ಉದ್ದವನ್ನೂ ಪದದ ಉಚ್ಚಾರಾಂಶಗಳನ್ನೂ ಎಣಿಸುತ್ತದೆ. ಅದು ಇಂಗ್ಲಿಷಿಗೆಂದು ಹೊಲಿದ ಅಂಗಿ. ‘ಹೋಗಬೇಕಾಗಿದ್ದರಿಂದ’ ಎಂಬ ಮಾರುದ್ದದ ಪದ ನಮ್ಮಲ್ಲಿ ಯಾರಿಗೂ ಕಷ್ಟವಲ್ಲ. ‘ಕ್ರಯ’ ಎಂಬ ಎರಡಕ್ಷರ ಅನೇಕರನ್ನು ನಿಲ್ಲಿಸುತ್ತದೆ. ಪದ ಗೊತ್ತಿದ್ದರೂ ಮೋಸವಾಗುವುದುಂಟು. ಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂದಿದೆ ಎಂದರೆ ಒಳ್ಳೆಯ ಸುದ್ದಿ ಎಂದುಕೊಂಡವರನ್ನು ನೋಡಿದ್ದೇನೆ. ‘ನಿಮಗೆ ಸೋಂಕು ಇದೆ’ ಎಂದು ಬರೆಯಲು ಮಾತ್ರ ಕೈ ಹಿಂಜರಿಯುತ್ತದೆ.

ಈ ಕೆಲಸಕ್ಕೆ ಬರಲು ಇದೇ ಪದವಿ ಬೇಕೆಂದಿಲ್ಲ. ಶಿಕ್ಷಕರು, ನರ್ಸುಗಳು, ಸಂಪಾದಕರು, ವಕೀಲರು ಎಲ್ಲರೂ ಬಂದಿದ್ದಾರೆ. ಆಸ್ಪತ್ರೆ, ಬ್ಯಾಂಕು, ವಿಮೆ, ಸರ್ಕಾರಿ ಇಲಾಖೆ ಎಲ್ಲಿ ಅರ್ಜಿ, ಪತ್ರ, ನೋಟಿಸು ಹೊರಡುತ್ತವೋ ಅಲ್ಲೆಲ್ಲ ಕೆಲಸವಿದೆ. ಆದರೆ ಹುದ್ದೆಯ ಹೆಸರು ಬೇರೆ ಬೇರೆ ಇರುವುದರಿಂದ ಹುಡುಕಲು ತುಸು ತಾಳ್ಮೆ ಬೇಕು. ವಯಸ್ಕರಿಗೆ ಕಲಿಸಿದವರಿಗೆ ಒಂದು ಅನುಕೂಲವಿದೆ: ದೊಡ್ಡವರು ತಮಗೆ ಇವತ್ತು ಬೇಕಾದದ್ದನ್ನು ಮಾತ್ರ ಕಲಿಯುತ್ತಾರೆ ಎಂಬುದು ಅವರಿಗೆ ಅನುಭವದಿಂದಲೇ ಗೊತ್ತು. ಹಾಗಾಗಿ ಇಲಾಖೆಯ ಹಿರಿಮೆ ಹೊಗಳುವ ಮೊದಲ ಪ್ಯಾರಾವನ್ನು ಹೊಡೆದುಹಾಕಲು ಕೈ ನಡುಗುವುದಿಲ್ಲ.

ಕಾನೂನು ವಿಭಾಗದವರು ತಕರಾರು ತೆಗೆಯುತ್ತಾರೆ, ತೆಗೆಯಲಿ. ‘ಸಲ್ಲಿಸತಕ್ಕದ್ದು’ ಹೋಗಿ ‘ಕೊಡಬೇಕು’ ಬಂದರೆ ನಿಯಮ ಸಡಿಲವಾಗುವುದಿಲ್ಲ ಎಂದು ಅವರಿಗೆ ತೋರಿಸುವುದೂ ಕಸುಬಿನ ಭಾಗವೇ. ಕೆಲವು ಸಲ ಅವರ ಮಾತೇ ಸರಿ ಇರುತ್ತದೆ. ‘ಮಾಡಬಹುದು’ ಮತ್ತು ‘ಮಾಡಬೇಕು’ ಅದಲುಬದಲಾಗಿ ನಾನು ಮುಖಭಂಗ ಅನುಭವಿಸಿದ್ದೇನೆ.

ಶುರು ಮಾಡಬೇಕೆಂದಿದ್ದರೆ ನಿಮಗೇ ಅರ್ಥವಾಗದ ಒಂದು ಪತ್ರ ತೆಗೆದುಕೊಂಡು ತಿದ್ದಿ ಬರೆಯಿರಿ. ಆ ವಿಷಯ ಗೊತ್ತಿಲ್ಲದ ನಾಲ್ಕೈದು ಜನರಿಗೆ ಒಬ್ಬೊಬ್ಬರಾಗಿ ಕೊಡಿ. ‘ಇದನ್ನು ಓದಿ ಮೊದಲು ಏನು ಮಾಡ್ತೀರಿ?’ ಎಂದು ಕೇಳಿ, ಆಮೇಲೆ ಸುಮ್ಮನಿರಿ. ಬಾಯಿ ಹಾಕಿ ವಿವರಿಸಬೇಡಿ. ಪತ್ರ ಮನೆ ತಲುಪಿದಾಗ ನೀವು ಪಕ್ಕದಲ್ಲಿರುವುದಿಲ್ಲ. ಓದುವ ಬೆರಳು ಯಾವ ಸಾಲಿನಲ್ಲಿ ನಿಂತು ಹಿಂದಕ್ಕೆ ಹೋಯಿತು ಎಂದು ನೋಡಿ, ನಿಮ್ಮ ಪ್ರತಿಯಲ್ಲಿ ಆ ಸಾಲಿನ ಪಕ್ಕ ಒಂದು ಗೆರೆ ಎಳೆದುಕೊಳ್ಳಿ.