ಬೆಪ್ಪುವಿನ ದಿನಬಳಕೆಯ ಬಿದಿರು ಬುಟ್ಟಿ: ಕಲಿಯುವವರಿಗೊಂದು ಟಿಪ್ಪಣಿ

ಜಪಾನಿನ ಬಿದಿರು ಕೆಲಸ ಅಂದರೆ ಸಾಮಾನ್ಯವಾಗಿ ಹೂ ಜೋಡಿಸುವ ಬುಟ್ಟಿಗಳ ಫೋಟೋ ಕಣ್ಣ ಮುಂದೆ ಬರುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಇಡುವಂಥವು. ಈ ಟಿಪ್ಪಣಿ ಅವುಗಳ ಬಗ್ಗೆ ಅಲ್ಲ. ತೊಳೆದ ಬಟ್ಟಲು ಬೋರಲು ಹಾಕೋಕೆ, ತರಕಾರಿ ತುಂಬಿಡೋಕೆ ಬಳಸುವ ಸಾದಾ ಬುಟ್ಟಿಯೊಂದನ್ನು ತೆಗೆದುಕೊಳ್ಳೋಣ. ಅದು ಹೇಗೆ ತಯಾರಾಗುತ್ತದೆ, ಯಾಕೆ ಹಾಗೇ ತಯಾರಾಗಬೇಕು ಅಂತ ನೋಡೋಣ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬುಟ್ಟಿ ನೋಡಿದಾಗ ನಮ್ಮ ಕಣ್ಣು ಹೋಗೋದು ಹೆಣಿಗೆಯ ಮೇಲೆ. ಆದರೆ ಬುಟ್ಟಿ ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನೋದು ಹೆಣೆಯೋಕೆ ಕೂರುವ ಮುಂಚೆ, ಬಿದಿರು ಸೀಳುವಾಗಲೇ ತೀರ್ಮಾನವಾಗಿರುತ್ತದೆ. ಅದಕ್ಕೇ ಇಲ್ಲಿ ಸೀಳುವ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಊರಿನ ಕಥೆ, ಚುಟುಕಾಗಿ

ಬೆಪ್ಪು ಇರುವುದು ಕ್ಯುಶು ದ್ವೀಪದ ಓಯಿತಾ ಪ್ರಾಂತ್ಯದಲ್ಲಿ. (ಹೆಸರು ಕೇಳಿ ನಗಬೇಡಿ, ಊರು ಬಲು ಚುರುಕು.) ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರು. ಎದೊ ಕಾಲದಲ್ಲಿ, ಅಂದರೆ 1603ರಿಂದ 1868ರ ನಡುವೆ, ಮೈಕೈ ನೋವು ಅಂತ ಬಂದವರು ಇಲ್ಲಿ ವಾರಗಟ್ಟಲೆ ಉಳಿದು, ತಾವೇ ಅಡುಗೆ ಮಾಡಿಕೊಂಡು, ಬುಗ್ಗೆಯಲ್ಲಿ ಮಿಂದು ಹೋಗುತ್ತಿದ್ದರು. ಅಡುಗೆ ಅಂದ ಮೇಲೆ ಅಕ್ಕಿ ತೊಳೆಯೋಕೆ, ಸೊಪ್ಪು ಸೋಸೋಕೆ ಬುಟ್ಟಿ ಬೇಕಲ್ವಾ? ಸುತ್ತಮುತ್ತಲ ಬಿದಿರಿನಲ್ಲಿ ಮಾಡಿದ ಬುಟ್ಟಿಗಳನ್ನು ಕೊಂಡು ಬಳಸಿದರು. ಹೋಗುವಾಗ ಊರಿಗೂ ಒಯ್ದರು. ಬೆಪ್ಪುವಿನ ಬಿದಿರು ಕೆಲಸಕ್ಕೆ ಮಾರುಕಟ್ಟೆ ಹುಟ್ಟಿದ್ದು ಹೀಗೆ, ಯಾವ ರಾಜನ ಆಸ್ಥಾನದಿಂದಲೂ ಅಲ್ಲ.

1902ರಲ್ಲಿ ಇಲ್ಲಿ ಕಸುಬು ಕಲಿಸುವ ಶಾಲೆ ಶುರುವಾಯಿತು. ಬೆಪ್ಪುವಿನ ಶೊನೊ ಶೋಉನ್‌ಸಾಯ್ ಅವರಿಗೆ 1967ರಲ್ಲಿ ಜಪಾನ್ ಸರ್ಕಾರದ 'ಜೀವಂತ ರಾಷ್ಟ್ರೀಯ ನಿಧಿ' ಗೌರವ ಸಿಕ್ಕಿತು. ಬಿದಿರು ಕೆಲಸಕ್ಕೆ ಆ ಗೌರವ ಪಡೆದವರಲ್ಲಿ ಇವರೇ ಮೊದಲಿಗರು. 1979ರಲ್ಲಿ ಬೆಪ್ಪು ಬಿದಿರು ಕೆಲಸವನ್ನು ಸರ್ಕಾರ ಸಾಂಪ್ರದಾಯಿಕ ಕರಕುಶಲ ಅಂತ ಗುರುತಿಸಿತು. ಓಯಿತಾ ಪ್ರಾಂತ್ಯದ ಸರ್ಕಾರ ಈಗಲೂ ಬೆಪ್ಪುವಿನಲ್ಲಿ ಬಿದಿರು ಕೆಲಸದ ತರಬೇತಿ ಕೇಂದ್ರ ನಡೆಸುತ್ತಿದೆ. ಇಷ್ಟು ಇತಿಹಾಸ ಸಾಕು.

ಯಾವ ಬಿದಿರು?

ಬೆಪ್ಪುವಿನಲ್ಲಿ ಮುಖ್ಯವಾಗಿ ಬಳಸೋದು ಮದಾಕೆ ಅನ್ನುವ ಜಾತಿ. ನಮ್ಮ ಮಲೆನಾಡಿನಲ್ಲಿ ಬಿದಿರು ಮೆಳೆಯಾಗಿ, ಒತ್ತೊತ್ತಾಗಿ ಬೆಳೆಯುತ್ತದೆ. ಮದಾಕೆ ಹಾಗಲ್ಲ. ಅದರ ಬೇರುಕಾಂಡ ನೆಲದಡಿ ದೂರದೂರ ಓಡುತ್ತದೆ, ಗಳಗಳು ಬಿಡಿಬಿಡಿಯಾಗಿ ಏಳುತ್ತವೆ. ಅಂಥ ತೋಪಿನೊಳಗೆ ನಡೆದುಕೊಂಡು ಹೋಗಿ, ಬೇಕಾದ ಗಳವನ್ನಷ್ಟೇ ಆರಿಸಿ ಕಡಿಯಬಹುದು. ನಮ್ಮ ಮುಳ್ಳುಬಿದಿರಿನ ಮೆಳೆಯಲ್ಲಿ ಇದು ಎಂಥ ಪಾಡು ಅಂತ ಕಡಿದವರಿಗೆ ಗೊತ್ತು.

ಮದಾಕೆ 20 ಮೀಟರ್‌ವರೆಗೂ ಬೆಳೆಯಬಲ್ಲದು. ಗಿಣ್ಣಿನಿಂದ ಗಿಣ್ಣಿಗೆ ಅಂತರ ಜಾಸ್ತಿ, ನಾರು ನೇರ, ಬಾಗಿಸಿದರೆ ಬಾಗುತ್ತದೆ. ಜಪಾನಿನಲ್ಲಿ ಎಲ್ಲೆಡೆ ಕಾಣುವ ಇನ್ನೊಂದು ದಪ್ಪ ಬಿದಿರು ಮೋಸೊ. ಎರಡನ್ನೂ ಗುರುತಿಸೋಕೆ ಗಿಣ್ಣು ನೋಡಿ: ಮದಾಕೆಯ ಗಿಣ್ಣಿನಲ್ಲಿ ಎರಡು ಉಂಗುರ, ಮೋಸೊದಲ್ಲಿ ಒಂದೇ. ಚಳಿಯ ಪ್ರದೇಶಗಳಲ್ಲಿ ಮದಾಕೆ ಚೆನ್ನಾಗಿ ಬರೋದಿಲ್ಲ. ಅಲ್ಲಿನವರು ಸಣ್ಣ ಬಿದಿರುಗಳನ್ನು ಬಳಸುತ್ತಾರೆ. ನಾಗಾನೊದ ತೊಗಾಕುಶಿಯಲ್ಲಿ ಸೋಬಾ ನೂಡಲ್ ಬಡಿಸುವ ತಟ್ಟೆಬುಟ್ಟಿಗಳು ನೆಮಗಾರಿದಾಕೆ ಅನ್ನುವ ಗಿಡ್ಡ ಬಿದಿರಿನವು. ಹಾಗಾಗಿ 'ಜಪಾನಿ ಬುಟ್ಟಿ' ಅಂತ ಒಂದೇ ಗಂಟಿಗೆ ಕಟ್ಟಬೇಡಿ. ಊರು ಬದಲಾದರೆ ಬಿದಿರೂ ಬದಲು.

ಬಿದಿರು ಹುಲ್ಲಿನ ಕುಲ. ಮೊಳಕೆ ಎದ್ದ ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟುತ್ತದೆ. ಆಮೇಲೆ ಮರದ ಹಾಗೆ ವರ್ಷವರ್ಷ ದಪ್ಪವಾಗೋದಿಲ್ಲ, ಒಳಗೊಳಗೇ ಗಟ್ಟಿಯಾಗುತ್ತದೆ. ಒಂದು ವರ್ಷದ ಗಳ ನೋಡೋಕೆ ದೊಡ್ಡದು, ಆದರೆ ಎಳಸು. ಒಣಗಿದರೆ ಸುಕ್ಕಾಗುತ್ತದೆ. ತೀರಾ ಹಳೆಯದಾದರೆ ಪೆಡಸು, ಬಾಗಿಸಿದರೆ ಮುರಿಯುತ್ತದೆ. ಮೂರ್ನಾಲ್ಕು ವರ್ಷದ್ದು ಹದ. ಕಡಿಯೋದು ಶರತ್ಕಾಲದ ಕೊನೆಯಿಂದ ಚಳಿಗಾಲದವರೆಗೆ. ಆಗ ಗಳದಲ್ಲಿ ನೀರು, ಹಿಟ್ಟಿನಂಶ ಎರಡೂ ಕಡಿಮೆ. ಹಿಟ್ಟಿನಂಶ ಇದ್ದರೆ ಹುಳ ಹಿಡಿಯುತ್ತದೆ, ಬೂಸ್ಟು ಬರುತ್ತದೆ.

ಕಡಿದ ಮೇಲೆ ಎರಡು ದಾರಿ. ಹಸಿರಾಗಿರುವಾಗಲೇ ಸೀಳಿ ಹೆಣೆಯೋದು ಒಂದು. ಹೊಲ, ಮೀನುಗಾರಿಕೆ, ಅಡುಗೆಮನೆಯ ಒರಟು ಬುಟ್ಟಿಗಳು ಹೆಚ್ಚಾಗಿ ಹೀಗೆ. ಇವು ಹಸಿರಿನಿಂದ ಹುಲ್ಲಿನ ಬಣ್ಣಕ್ಕೆ, ಅಲ್ಲಿಂದ ವರ್ಷಗಳು ಕಳೆದ ಹಾಗೆ ಜೇನಿನ ಕಂದುಬಣ್ಣಕ್ಕೆ ತಿರುಗುತ್ತವೆ. ಇನ್ನೊಂದು ದಾರಿ ಎಣ್ಣೆ ತೆಗೆಯೋದು. ಗಳವನ್ನು ಬೆಂಕಿಗೆ ಹಿಡಿದು, ಇಲ್ಲವೇ ಕಾಸ್ಟಿಕ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಮೇಲೆ ಬಂದ ಎಣ್ಣೆಯನ್ನು ಒರೆಸುತ್ತಾರೆ. ಆಮೇಲೆ ಬಿಸಿಲಿಗೆ ಒಡ್ಡುತ್ತಾರೆ. ಹಸಿರು ಹೋಗಿ ದಂತದಂಥ ತಿಳಿ ಬಣ್ಣ ಬರುತ್ತದೆ. ಅಂಗಡಿಯಲ್ಲಿ ಕಾಣುವ ತಿಳಿ ಬಣ್ಣದ ನಯವಾದ ಬುಟ್ಟಿಗಳು ಇವು.

ಸೀಳು ತೆಗೆಯೋದು

ಜಪಾನಿನಲ್ಲಿ ಒಂದು ಹಳೇ ಮಾತಿದೆ: ಮರವನ್ನು ಬುಡದಿಂದ ಸೀಳು, ಬಿದಿರನ್ನು ತುದಿಯಿಂದ. ಈ ಕಸುಬು ಅಲ್ಲಿಂದಲೇ ಶುರು.

ಗಳದ ತುದಿಯ ಕಡೆಯ ಬಾಯಿಗೆ ಮಚ್ಚು ಇಟ್ಟು ತಟ್ಟಿದರೆ ಎರಡು ಹೋಳು. ಆ ಹೋಳನ್ನು ಮತ್ತೆ ಎರಡು, ಅದನ್ನು ಮತ್ತೆ ಎರಡು. ಯಾವಾಗಲೂ ಸಮಪಾಲು, ಅದೇ ಗುಟ್ಟು. ಒಂದು ಮಗ್ಗುಲು ದಪ್ಪ, ಇನ್ನೊಂದು ತೆಳು ಆದರೆ ಬಿರುಕು ತೆಳುವಾದ ಕಡೆಗೆ ಜಾರುತ್ತಾ ಹೋಗಿ, ಕೊನೆಗೆ ಅಂಚಿನಿಂದ ಹೊರಗೇ ಬಂದುಬಿಡುತ್ತದೆ. ಹಾಗಾಗುವ ಲಕ್ಷಣ ಕಂಡ ಕೂಡಲೇ ದಪ್ಪಗಿರುವ ಮಗ್ಗುಲನ್ನು ಜಾಸ್ತಿ ಬಾಗಿಸಬೇಕು. ಬಿರುಕು ಬಾಗಿದ ಕಡೆಗೆ ತಿರುಗಿ ಮಧ್ಯಕ್ಕೆ ಬರುತ್ತದೆ. ಮಚ್ಚು ಬರೀ ಬಾಯಿ ತೆರೆಯುತ್ತದೆ, ದಾರಿ ತೋರಿಸೋದು ಎರಡು ಕೈ. ನಮ್ಮ ಮೇದಾರರ ಪಕ್ಕ ಅರ್ಧ ಗಂಟೆ ಕೂತು ನೋಡಿದರೂ ಇದೇ ಕಾಣುತ್ತದೆ, ಯಾಕಂದರೆ ನಾರಿನ ನಿಯಮ ಎಲ್ಲ ಊರಿಗೂ ಒಂದೇ.

ಅಗಲ ಸಣ್ಣದಾದ ಮೇಲೆ ಪದರ ಬಿಡಿಸುವ ಕೆಲಸ. ಗಳದ ಗೋಡೆಯ ಅಡ್ಡಕೊಯ್ತ ನೋಡಿದರೆ ಹೊರಸಿಪ್ಪೆಯ ಹತ್ತಿರ ನಾರು ಒತ್ತಾಗಿರುತ್ತದೆ, ಒಳಗೆ ಹೋದ ಹಾಗೆ ವಿರಳ. ಒಳಭಾಗ ಮೆತ್ತಗೆ, ಹಿಟ್ಟಿನಂಶ ಜಾಸ್ತಿ, ಹುಳಕ್ಕೆ ಪ್ರಿಯ. ಅದನ್ನು ಸುಲಿದು ತೆಗೆದು, ಸಿಪ್ಪೆಯ ಕಡೆಯ ಗಟ್ಟಿ ಪದರವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಗಳದ ಬಹುಪಾಲು ಹೀಗೆ ಪಕ್ಕಕ್ಕೆ ಹೋಗುತ್ತದೆ.

ಈಗ ಸೀಳು ಒಂದೇ ಸಮ ಆಗಬೇಕು. ಮರದ ದಿಮ್ಮಿಯ ಮೇಲೆ ಎರಡು ಚಿಕ್ಕ ಚಾಕುಗಳನ್ನು ಅಲಗು ಮೇಲಾಗಿ, ನಡುವೆ ಬೇಕಾದಷ್ಟೇ ಅಂತರ ಬಿಟ್ಟು ನೆಡುತ್ತಾರೆ. ಆ ಸಂದಿಯಲ್ಲಿ ಸೀಳನ್ನು ತೂರಿಸಿ ಎಳೆದರೆ ಎರಡೂ ಅಂಚು ಒಟ್ಟಿಗೆ ಸವರಿಕೊಂಡು ಬರುತ್ತವೆ. ಎಲ್ಲ ಸೀಳಿಗೂ ಒಂದೇ ಅಗಲ. ಆಮೇಲೆ ಅಂಚಿನ ಮೊನಚು ತೆಗೆಯುತ್ತಾರೆ. ಇದು ಅಂದಕ್ಕಲ್ಲ: ಮೊನಚು ಉಳಿದರೆ ಬೆರಳು ಕುಯ್ಯುತ್ತದೆ, ಹೆಣೆಯುವಾಗ ಪಕ್ಕದ ಸೀಳಿಗೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಸೀಳಿನ ಒಳಮೈಯನ್ನು ಅಲಗಿಗೆ ಒತ್ತಿ ಎಳೆದು ದಪ್ಪ ಸರಿಮಾಡುತ್ತಾರೆ. ಬಟ್ಟಲು ಒಣಗಿಸುವ ಬುಟ್ಟಿಗೆ ಸುಮಾರು 5-6 ಮಿಲಿಮೀಟರ್ ಅಗಲ, ಒಂದು ಮಿಲಿಮೀಟರಿಗಿಂತ ಕಡಿಮೆ ದಪ್ಪದ ಸೀಳು ಅಂದುಕೊಳ್ಳಿ.

ಇಷ್ಟು ಕಟ್ಟುನಿಟ್ಟು ಯಾಕೆ? ಒಂದು ಸೀಳು ದಪ್ಪಗಿದ್ದರೆ ಅದು ಪಕ್ಕದವುಗಳ ಜೊತೆ ಬಾಗೋದಿಲ್ಲ. ಮೂಲೆಯಲ್ಲಿ ಉಳಿದವು ತಿರುಗಿದರೆ ಇದು ಸೆಟೆದು ನಿಲ್ಲುತ್ತದೆ, ಹೆಣಿಗೆಯ ಕಣ್ಣು, ಅಂದರೆ ಸೀಳುಗಳ ನಡುವಿನ ತೂತು, ಸೊಟ್ಟಗಾಗುತ್ತದೆ. ಎಷ್ಟು ಚೆನ್ನಾಗಿ ಹೆಣೆದರೂ ಆಮೇಲೆ ಸರಿಮಾಡೋಕೆ ಆಗೋದಿಲ್ಲ. ಗಿಣ್ಣಿನ ಲೆಕ್ಕವೂ ಇದೆ. ಗಿಣ್ಣು ಬಂದ ಜಾಗ ಪೆಡಸು, ಅದು ಸರಿಯಾಗಿ ತಿರುವಿನಲ್ಲೇ ಬಿದ್ದರೆ ಮುರಿಯುತ್ತದೆ. ಅದಕ್ಕೆ ಸೀಳುಗಳನ್ನು ಹಾಸುವಾಗಲೇ ಗಿಣ್ಣುಗಳನ್ನು ತಿರುವಿನಿಂದ ಆಚೀಚೆ ಸರಿಸಿಕೊಳ್ಳುತ್ತಾರೆ.

ಆರು ಮೂಲೆಯ ಕಣ್ಣು

ಬೆಪ್ಪುವಿನಲ್ಲಿ ಎಂಟು ಮೂಲ ಹೆಣಿಗೆಗಳನ್ನು ಹೇಳಿಕೊಡುತ್ತಾರೆ. ನಮಗೆ ಈಗ ಬೇಕಾದ್ದು ಮುತ್ಸುಮೆ, ಅಂದರೆ ಷಟ್ಕೋನದ ಕಣ್ಣಿನ ಹೆಣಿಗೆ.

ಚೌಕದ ಹೆಣಿಗೆಯಲ್ಲಿ ಸೀಳುಗಳು ಎರಡೇ ದಿಕ್ಕಿನಲ್ಲಿ ಓಡುತ್ತವೆ. ಸಡಿಲವಾಗಿ ಹೆಣೆದರೆ ಜಾರುತ್ತವೆ. ಮೂಲೆ ಹಿಡಿದು ಎಳೆದರೆ ಚೌಕ ವಜ್ರಾಕಾರವಾಗುತ್ತದೆ. ಮುತ್ಸುಮೆಯಲ್ಲಿ ಮೂರು ದಿಕ್ಕು, ಒಂದಕ್ಕೊಂದು 60 ಡಿಗ್ರಿ. ಕಣ್ಣು ದೊಡ್ಡದಾಗಿ ಬಿಟ್ಟರೂ ಪ್ರತಿ ಸೀಳನ್ನು ಉಳಿದ ಎರಡು ದಿಕ್ಕಿನವು ಹಿಡಿದುಕೊಂಡಿರುತ್ತವೆ. ಕಡಿಮೆ ಬಿದಿರು, ಕಡಿಮೆ ತೂಕ, ಗಾಳಿ ಸಲೀಸು, ಆದರೂ ಗಟ್ಟಿ. ಬಟ್ಟಲು ಒಣಗಿಸೋಕೆ ಇನ್ನೇನು ಬೇಕು?

ನಿಯಮ ಸುಲಭ. ಮೂರು ದಿಕ್ಕಿಗೆ ಕ, ಖ, ಗ ಅಂತ ಹೆಸರಿಡಿ. ಕ ಯಾವಾಗಲೂ ಖದ ಮೇಲೆ, ಖ ಯಾವಾಗಲೂ ಗದ ಮೇಲೆ, ಗ ಯಾವಾಗಲೂ ಕದ ಮೇಲೆ. ಮಕ್ಕಳ ಕಲ್ಲು-ಕಾಗದ-ಕತ್ತರಿ ಆಟದ ಹಾಗೆ, ಯಾರೂ ಎಲ್ಲರಿಗಿಂತ ಮೇಲಲ್ಲ. ಒಂದೇ ಸೀಳಿನ ಜಾಡು ಹಿಡಿದು ನೋಡಿ: ಒಮ್ಮೆ ಮೇಲೆ, ಒಮ್ಮೆ ಕೆಳಗೆ ಅಂತ ತಾನಾಗಿಯೇ ಬರುತ್ತದೆ. ದಪ್ಪ ಕಾಗದದ ಆರು ಪಟ್ಟಿ ಕತ್ತರಿಸಿ, ಪ್ರತಿ ದಿಕ್ಕಿಗೆ ಎರಡರಂತೆ ಇಟ್ಟು ಹೆಣೆಯಿರಿ. ನಡುವೆ ಒಂದು ಷಟ್ಕೋನ, ಸುತ್ತ ಆರು ತ್ರಿಕೋನ ಸಿಕ್ಕರೆ ಸರಿಯಾಗಿದೆ ಅಂತ. ಓದಿ ತಲೆ ಕೆಡಿಸಿಕೊಳ್ಳೋದಕ್ಕಿಂತ ಇದನ್ನು ಮಾಡಿ ನೋಡೋದು ಒಳ್ಳೇದು.

ಚಪ್ಪಟೆ ತಳ ಆಯಿತು. ಗೋಡೆ ಏಳೋದು ಹೇಗೆ? ಇಲ್ಲಿದೆ ಮಜಾ. ಷಟ್ಕೋನಗಳನ್ನೇ ಜೋಡಿಸುತ್ತಾ ಹೋದರೆ ಹಾಳೆ ಚಪ್ಪಟೆಯಾಗೇ ಇರುತ್ತದೆ. ಒಂದು ಕಡೆ ಆರರ ಬದಲು ಐದು ಮೂಲೆಯ ಕಣ್ಣು ಮಾಡಿದರೆ ಆ ಜಾಗ ಉಬ್ಬಿ ಬಾಗುತ್ತದೆ. ಬುಟ್ಟಿಯ ತಳ ಆರು ಮೂಲೆಯದು. ಪ್ರತಿ ಮೂಲೆಯಲ್ಲೂ ಒಂದೊಂದು ಪಂಚಕೋನ ಮಾಡಿ, ಸುತ್ತಲೂ ಅಡ್ಡ ಸೀಳು ಓಡಿಸಿದರೆ ಗೋಡೆ ನೆಟ್ಟಗೆ ಏಳುತ್ತದೆ. ತಳ ಅಂಗೈಯಗಲ ಇರಲಿ, ಮೊರದಗಲ ಇರಲಿ, ನೇರ ಗೋಡೆಗೆ ಪಂಚಕೋನ ಆರೇ. ಇದು ಕುಶಲಕರ್ಮಿಯ ಇಷ್ಟ ಅಲ್ಲ, ರೇಖಾಗಣಿತದ ಲೆಕ್ಕ. ಪೂರ್ತಿ ಮುಚ್ಚಿದ ಚೆಂಡಿಗೆ ಇದರ ಎರಡರಷ್ಟು, ಹನ್ನೆರಡು ಬೇಕು. ಸೆಪಕ್ ತಕ್ರಾ ಆಟದ ಹೆಣೆದ ಚೆಂಡು ಸಿಕ್ಕರೆ ಎಣಿಸಿ, ಪಂಚಕೋನದ ತೂತು ಹನ್ನೆರಡೇ ಇರುತ್ತವೆ. ಬಾಯಿ ಹೊರಕ್ಕೆ ಅರಳಬೇಕಾದರೆ ಉಲ್ಟಾ: ಏಳು ಮೂಲೆಯ ಕಣ್ಣು.

ಷಟ್ಕೋನ, ತ್ರಿಕೋನಗಳ ಈ ಚಪ್ಪಟೆ ವಿನ್ಯಾಸ ಭೌತವಿಜ್ಞಾನಕ್ಕೂ ಹೋಗಿದೆ. 1951ರಲ್ಲಿ ಇಚಿರೊ ಶೋಜಿ ಅನ್ನುವ ಜಪಾನಿ ಭೌತವಿಜ್ಞಾನಿ ಹೀಗೆ ಜೋಡಣೆಯಾದ ಪರಮಾಣುಗಳ ಕಾಂತಗುಣದ ಬಗ್ಗೆ ಬರೆದರು. ಆಗಿನಿಂದ ಅದಕ್ಕೆ ಕಾಗೊಮೆ ಜಾಲ ಅಂತಲೇ ಹೆಸರು. ಕಾಗೊಮೆ ಅಂದರೆ ಜಪಾನಿಯಲ್ಲಿ ಬುಟ್ಟಿಯ ಕಣ್ಣು ಅಂತಷ್ಟೇ.

ಕೆಲಸಕ್ಕೆ ತಕ್ಕ ಹೆಣಿಗೆ

ಮುತ್ಸುಮೆ ಎಲ್ಲದಕ್ಕೂ ಆಗೋದಿಲ್ಲ. ಅಕ್ಕಿ ತೊಳೆಯೋಕೆ ಹೋದರೆ ಅಕ್ಕಿ ಮೋರಿ ಪಾಲು. ಅದಕ್ಕೆ ಗೊಜಾಮೆ ಅನ್ನುವ ಒತ್ತು ಹೆಣಿಗೆ. ಅಗಲವಾದ ಸೀಳುಗಳ ಮೇಲೆ ಕೆಳಗೆ ತೆಳು ಸೀಳುಗಳನ್ನು ಒತ್ತೊತ್ತಾಗಿ ಓಡಿಸುತ್ತಾರೆ. ಅಕ್ಕಿ ಸೋಸುವ ಬುಟ್ಟಿಗಳಲ್ಲಿ ಬಿದಿರಿನ ನಯವಾದ ಸಿಪ್ಪೆ ಮಗ್ಗುಲನ್ನು ಒಳಗೆ ಬರುವಂತೆ ಹೆಣೆಯೋದುಂಟು. ಕಾಳು ಅಂಟೋದಿಲ್ಲ, ಬೇಗ ಜಾರುತ್ತದೆ. ಮಣ್ಣು ತರಕಾರಿ ಹೊರುವ ಬುಟ್ಟಿಗೆ ಸಿಪ್ಪೆ ಹೊರಗೆ. ಬೇಸಿಗೆಯಲ್ಲಿ ಅನ್ನ ಹಳಸದಿರಲಿ ಅಂತ ಸೂರಿನಡಿ ಗಾಳಿಗೆ ತೂಗುಹಾಕುವ ಮುಚ್ಚಳದ ಬುಟ್ಟಿ ಬೇರೆ. ಫ್ರಿಜ್ ಬಂದ ಮೇಲೆ ಅದಕ್ಕೆ ಕೆಲಸ ತಪ್ಪಿತು. ಮಳೆಗಾಲ ಮುಗಿದ ಮೇಲೆ ಉಪ್ಪು ಹಾಕಿದ ಉಮೆ ಅನ್ನುವ ಹುಳಿ ಹಣ್ಣು ಒಣಗಿಸುವ ಅಗಲವಾದ ಚಪ್ಪಟೆ ತಟ್ಟೆಗೆ ಮಾತ್ರ ಈಗಲೂ ಗಿರಾಕಿ ಇದೆ.

ಬಾಯಿ ಮತ್ತು ತಳ

ಹೆಣಿಗೆ ಮುಗಿದ ಬುಟ್ಟಿ ಇನ್ನೂ ಮೆತ್ತಗೆ ಅಲುಗಾಡುತ್ತದೆ. ಗಟ್ಟಿತನ ಬರೋದು ಬಾಯಿ ಕಟ್ಟಿದಾಗ. ಒಳಗೊಂದು ಹೊರಗೊಂದು ದಪ್ಪ ಪಟ್ಟಿಯನ್ನು ಬಳೆಯಾಗಿ ಬಾಗಿಸಿ, ನಡುವೆ ಸೀಳುಗಳ ತುದಿ ಸಿಕ್ಕಿಸಿ, ಬೆತ್ತದಿಂದ ಸುತ್ತಿ ಬಿಗಿಯುತ್ತಾರೆ. ಈ ಬೆತ್ತ ಆಗ್ನೇಯ ಏಷ್ಯಾದಿಂದ ಬರುವಂಥದ್ದು. ಪಕ್ಕಾ ಜಪಾನಿ ಅಂದುಕೊಂಡ ಬುಟ್ಟಿಯ ಬಾಯಿ ಆಮದಿನ ಮಾಲು! ತಳಕ್ಕೆ ಎರಡು ಮೂರು ದಪ್ಪ ಪಟ್ಟಿಗಳನ್ನು ಅಡ್ಡ ತೂರಿಸುತ್ತಾರೆ. ಭಾರ ಅವುಗಳ ಮೇಲೆ ಬೀಳುತ್ತದೆ, ಹೆಣಿಗೆ ಉಳಿಯುತ್ತದೆ.

ಬುಟ್ಟಿ ಕಡಿಮೆಯಾಗಿದ್ದು ಯಾಕೆ?

ಪ್ಲಾಸ್ಟಿಕ್ ಬಂತು, ಬುಟ್ಟಿ ಹೋಯಿತು ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಅದು ಅರ್ಧ ಕಥೆ. ಮದಾಕೆ ಸುಮಾರು 120 ವರ್ಷಕ್ಕೊಮ್ಮೆ ಹೂ ಬಿಡುತ್ತದೆ, ಹೂ ಬಿಟ್ಟ ಗಳ ಸಾಯುತ್ತದೆ. ಬಿದಿರಕ್ಕಿ ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1960ರ ದಶಕದಲ್ಲಿ ಜಪಾನಿನ ಉದ್ದಗಲಕ್ಕೂ ಮದಾಕೆ ಹೂ ಬಿಟ್ಟು ಒಣಗಿತು. ಪ್ಲಾಸ್ಟಿಕ್ ಅಡುಗೆಮನೆಗೆ ನುಗ್ಗುತ್ತಿದ್ದ ಹೊತ್ತಿಗೇ ಬಿದಿರೂ ಸಿಗದಾಯಿತು. ತೋಪುಗಳು ಚಿಗುರಿ ಬರುವಷ್ಟರಲ್ಲಿ ಗಿರಾಕಿಗಳ ಕೈ ಬೇರೆಯದಕ್ಕೆ ಒಗ್ಗಿಹೋಗಿತ್ತು. ಈಗ ಅಲ್ಲಿ ತಲೆನೋವು ಉಲ್ಟಾ ಆಗಿದೆ: ಕಡಿಯುವವರಿಲ್ಲದೆ ಬಿದಿರು, ಅದರಲ್ಲೂ ಮೋಸೊ, ತೋಟ ಕಾಡುಗಳಿಗೆ ನುಗ್ಗುತ್ತಿದೆ.

ಇಟ್ಟುಕೊಳ್ಳುವ ಬಗೆ

ನೀರಿನಲ್ಲಿ ತೊಳೆಯಬಹುದು, ನಾರಿನ ಬ್ರಷ್‌ನಿಂದ ಉಜ್ಜಬಹುದು. ನೆನೆಹಾಕಬೇಡಿ. ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ ಒಣಗಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಸ್ಟು ಗ್ಯಾರಂಟಿ. ಜಪಾನಿನ ಜೂನ್-ಜುಲೈ ಮಳೆಗಾಲಕ್ಕೆ ಹೇಳುವ ಈ ಎಚ್ಚರಿಕೆ ನಮ್ಮ ಕರಾವಳಿ, ಮಲೆನಾಡಿಗೂ ಹಾಗೇ ಹೊಂದುತ್ತದೆ. ಸುಮ್ನೆ ಎತ್ತಿಟ್ಟ ಬುಟ್ಟಿಗಿಂತ ದಿನಾ ಬಳಸಿ ಒಣಗಿಸಿದ್ದೇ ಜಾಸ್ತಿ ಬಾಳುತ್ತದೆ.

ದಿನಾ ಬಳಸುವ ಬುಟ್ಟಿಯಲ್ಲಿ ಬೇಗ ಸವೆಯೋದು ಸಾಮಾನ್ಯವಾಗಿ ಬಾಯಿಯ ಬೆತ್ತ. ಅದು ಬಿಚ್ಚಿಕೊಂಡರೆ ಬುಟ್ಟಿ ಮುಗಿಯಿತು ಅಂದುಕೊಳ್ಳಬೇಡಿ, ಹೊಸ ಬೆತ್ತ ಸುತ್ತಿದರೆ ಆಯಿತು. ಗೋಡೆಯಲ್ಲಿ ಒಂದು ಸೀಳು ಮುರಿದರೆ, ಅದೇ ಅಗಲದ ಹೊಸ ಸೀಳನ್ನು ಒದ್ದೆ ಮಾಡಿ, ಹಳೆಯದರ ಜಾಡಿನಲ್ಲೇ ಮೇಲೆ ಕೆಳಗೆ ತೂರಿಸಿ, ಎರಡೂ ತುದಿಯನ್ನು ಪಕ್ಕದ ಸೀಳಿನಡಿ ಸಿಕ್ಕಿಸಬಹುದು. ತಳದ ಮೂಲೆಯ ಪಂಚಕೋನದಲ್ಲೇ ಸೀಳುಗಳು ಮುರಿದಿದ್ದರೆ ಮಾತ್ರ ಕಷ್ಟ. ಆ ತಿರುವಿಗೆ ಹೊಸ ಸೀಳು ತೂರಿಸೋದು ಕೈ ಪಳಗಿದವರ ಕೆಲಸ.