ಉಪ್ಪಿಗೆ ಸಮತೂಕದ ಚಿನ್ನ: ಲೆಕ್ಕ ಹಾಕಿಯೇ ನೋಡೋಣ

ಪ್ರಶ್ನೆ: ಹಿಂದೆ ಸಹಾರಾದಲ್ಲಿ ಉಪ್ಪು ತೂಗಿ ಅಷ್ಟೇ ತೂಕದ ಚಿನ್ನ ಕೊಡುತ್ತಿದ್ದರಂತೆ, ನಿಜವೇ?

ಇಲ್ಲ. ಎಷ್ಟು ಸಲ ಇಲ್ಲ ಅಂದರೂ ಪ್ರಶ್ನೆ ತಿರುಗಿ ಬರುತ್ತದೆ. ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

1352ರಲ್ಲಿ ಸಹಾರಾ ದಾಟಿದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ದಾರಿಯಲ್ಲಿ ತಘಾಜಾ ಎಂಬ ಉಪ್ಪಿನ ಗಣಿಯೂರಿನಲ್ಲಿ ತಂಗಿದ್ದ. ಮರವೇ ಇಲ್ಲದ ಊರು. ಮನೆಗೆ ಉಪ್ಪಿನ ಹಲಗೆಯ ಗೋಡೆ, ಒಂಟೆ ತೊಗಲಿನ ಮಾಡು. ಉಪ್ಪಿನ ದರವನ್ನೂ ಅವನು ಬರೆದಿಟ್ಟಿದ್ದಾನೆ. ಒಂದು ಒಂಟೆ ಹೊರೆಗೆ ಸಹಾರಾದ ದಕ್ಷಿಣ ಅಂಚಿನ ವಲಾತಾ ಊರಿನಲ್ಲಿ 8ರಿಂದ 10 ಮಿಸ್ಕಾಲ್ ಚಿನ್ನ. ಇನ್ನೂ ದಕ್ಷಿಣಕ್ಕೆ, ಮಾಲಿಯ ರಾಜಧಾನಿಯಲ್ಲಿ, 20ರಿಂದ 30, ಕೆಲವೊಮ್ಮೆ 40. ಮಿಸ್ಕಾಲ್ ಅಂದರೆ ಸುಮಾರು ನಾಲ್ಕೂಕಾಲು ಗ್ರಾಂ. ಹೊರೆಯನ್ನು 120 ಕಿಲೋ ಅಂತ ಕಮ್ಮಿಯೇ ಹಿಡಿಯಿರಿ, ದರ ಮಾತ್ರ ಎಲ್ಲಕ್ಕಿಂತ ಹೆಚ್ಚಿನದ್ದು, 40 ಇರಲಿ. 120 ಕಿಲೋ ಉಪ್ಪಿಗೆ ಬಂದ ಚಿನ್ನ 170 ಗ್ರಾಂ! ಒಂದು ಗ್ರಾಂ ಚಿನ್ನಕ್ಕೆ 700 ಗ್ರಾಂ ಉಪ್ಪು. ವಲಾತಾದ ದರದಲ್ಲಾದರೆ 2,800 ಗ್ರಾಂ ದಾಟುತ್ತದೆ. ಸಮತೂಕದ ಮಾತೆಲ್ಲಿ?

ಅಲ್ಲಿಯ ಜನ ಉಪ್ಪನ್ನು ತುಂಡು ಮಾಡಿ ಚಿನ್ನ, ಬೆಳ್ಳಿಯ ಹಾಗೆ ಹಣವಾಗಿ ಚಲಾಯಿಸುತ್ತಾರೆ ಅಂತಲೂ ಅವನು ಹೇಳಿದ್ದಾನೆ. ಗೊಂದಲ ಇಂಥ ಮಾತುಗಳಿಂದಲೇ ಬೆಳೆದಿರಬೇಕು. ಚಿನ್ನದ ಹಾಗೆ ಕೈಯಿಂದ ಕೈಗೆ ಹೋಗುವುದು ಬೇರೆ, ಚಿನ್ನದಷ್ಟು ಬೆಲೆ ಬಾಳುವುದು ಬೇರೆ. ಅದೇ ಹೊರೆ ದಕ್ಷಿಣಕ್ಕೆ ಹೋದಂತೆ ಎರಡು, ಮೂರು, ನಾಲ್ಕು ಪಟ್ಟಾಯಿತಲ್ಲ, ಆ ಏರಿಕೆಯ ಬಹುಪಾಲು ಸಾಗಣೆಯದು.

ಬೆಲೆಯಲ್ಲಿ ಸಾಗಣೆಯ ಪಾಲು ಎಷ್ಟೆಂದು ತಿಳಿಯಬೇಕಾದರೆ ತಾವುದೆನ್ನಿಯನ್ನು ನೋಡಿ. 16ನೇ ಶತಮಾನದ ಕೊನೆಗೆ ತಘಾಜಾಕ್ಕೆ ಬದಲಾಗಿ ಬಂದ ಉಪ್ಪಿನ ಗಣಿ ಇದು. ಮಾಲಿಯ ಟಿಂಬಕ್ಟು ಪಟ್ಟಣದಿಂದ ಉತ್ತರಕ್ಕೆ 650 ಕಿಲೋಮೀಟರಿಗೂ ಹೆಚ್ಚು ದೂರ. ಒಂಟೆಗೆ ನಾಲ್ಕು ಹಲಗೆ, ಎಡಕ್ಕೆರಡು, ಬಲಕ್ಕೆರಡು. ಹಳೆಯ ವಾಡಿಕೆಯಲ್ಲಿ ನಾಲ್ಕರಲ್ಲಿ ಮೂರು ಒಂಟೆಯವನಿಗೆ, ಒಂದೇ ಒಂದು ಅಗೆದವನಿಗೆ.

ಹಲಗೆಯೇ ಯಾಕೆ, ಪುಡಿ ಮಾಡಿ ಚೀಲಕ್ಕೆ ತುಂಬಬಾರದೇ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದನ್ನೇ. ಅಲ್ಲಿ ಉಪ್ಪು ನೆಲದಡಿ ಪದರ ಪದರವಾಗಿ ಕೂತಿದೆ. ಮೇಲಿನ ಮಣ್ಣು ತೆಗೆದು, ಕಳಪೆ ಪದರ ಬಿಸಾಕಿ, ಒಳ್ಳೆಯ ಪದರ ಸಿಕ್ಕಮೇಲೆ ಒಂದು ಮೀಟರಿಗಿಂತ ತುಸು ಉದ್ದದ ಹಲಗೆ ಕೊಯ್ದು, ಬಾಚಿಯಿಂದ ಕೆತ್ತಿ ಸಮ ಮಾಡುತ್ತಾರೆ. ತೂಕ 30ರಿಂದ 40 ಕಿಲೋ. ಪುಡಿಯಲ್ಲಿ ಮರಳು ಬೆರೆತರೆ ಗೊತ್ತಾಗದು. ಹಲಗೆಯ ಅಂಚು ನೋಡಿದರೆ ಪದರದ ಗುಣ ಕಣ್ಣಿಗೇ ಕಾಣುತ್ತದೆ, ಮೈಮೇಲೆ ಒಡೆಯನ ಗುರುತನ್ನೂ ಹಾಕಬಹುದು. ಮುರಿದರೆ ಬೆಲೆ ಬಿತ್ತು. ಅದಕ್ಕೇ ಬಿರುಕು ಬಿಟ್ಟ ಹಲಗೆಗೆ ತೊಗಲಿನ ಪಟ್ಟಿ ಸುತ್ತಿ ಬಿಗಿಯುತ್ತಾರೆ.