ಒರೆಸಿದ ಮೇಲೆ ಮತ್ತೆ ಆನ್ ಮಾಡಬೇಡಿ

"ಅಣ್ಣ, ಎರಡೂ ಸರ್ವರ್ ಒಂದೇ ಐಪಿ ತಗೊಂಡು ಕುಂತಾವ್ರಿ."

ಬಳ್ಳಾರಿಯ ಜೀನ್ಸ್ ಘಟಕಗಳಿಂದ, ಗಂಗಾವತಿ–ಸಿಂಧನೂರಿನ ರೈಸ್ ಮಿಲ್ಲುಗಳಿಂದ, ಆಗಾಗ ಕಾಲೇಜುಗಳಿಂದಲೂ ನನಗೆ ಬರುವ ಫೋನುಗಳಲ್ಲಿ ಈ ಮಾತು ಮಾಮೂಲಿ. ಐಪಿ ಎಂದರೆ ನೆಟ್‌ವರ್ಕಿನಲ್ಲಿ ಯಂತ್ರದ ವಿಳಾಸ; ಇಬ್ಬರಿಗೆ ಒಂದೇ ಇರಬಾರದು. ಅಲ್ಲಿನ ಹುಡುಗರು ದಡ್ಡರಲ್ಲ. ಹಳೇ ಪಿಸಿಯೊಂದಕ್ಕೆ ರ‍್ಯಾಮ್ ತುಂಬಿಸಿ, ವಿಎಂಗಳನ್ನು (ಪಿಸಿಯೊಳಗೇ ಓಡುವ ಸಾಫ್ಟ್‌ವೇರ್ ಕಂಪ್ಯೂಟರ್) ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿ, ಉಬುಂಟು ಲಿನಕ್ಸಿನ ಒಂದು ವಿಎಂ ಸಿದ್ಧ ಮಾಡಿಕೊಂಡು, ಅದನ್ನೇ ಟೆಂಪ್ಲೇಟ್ ಎಂಬ ಅಚ್ಚು ಮಾಡಿ ಬೇಕಾದಾಗ ಕ್ಲೋನ್, ಅಂದರೆ ನಕಲು, ತೆಗೆಯುವಷ್ಟು ಬಲ್ಲವರು. ಅಪ್‌ಡೇಟ್, ಟೈಮ್‌ಝೋನ್, ಗೆಸ್ಟ್ ಏಜೆಂಟ್ ಎಲ್ಲ ಸರಿಯಾಗಿಯೇ ಹಾಕಿರುತ್ತಾರೆ. ಅದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ನನ್ನ ತಕರಾರು ಕೊನೆಯ ಹೆಜ್ಜೆಯದ್ದು: ಟೆಂಪ್ಲೇಟ್ ಮಾಡುವ ಮುನ್ನ ವಿಎಂ ತನ್ನೊಳಗೆ ಬರೆದಿಟ್ಟುಕೊಂಡ ಗುರುತನ್ನು ಒರೆಸುವುದು.

ಕ್ಲೋನ್ ಮಾಡಿದಾಗ ಹೊಸ ವಿಎಂಗೆ ಹೊಸ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ನಂಬರ್) ಸಿಗುತ್ತದೆ. ಹೋಸ್ಟ್‌ನೇಮ್ ನೀವೇ ಬದಲಿಸುತ್ತೀರಿ. ಇನ್ನೇನು ಉಳಿಯಿತು ಎಂದು ಎಲ್ಲರೂ ಕೇಳುತ್ತಾರೆ. ಉಳಿದದ್ದು ಇಟಿಸಿ ಫೋಲ್ಡರಿನಲ್ಲಿರುವ ಮಷೀನ್-ಐಡಿ ಎಂಬ ಪುಟ್ಟ ಫೈಲ್. ಅದರಲ್ಲಿ 32 ಅಕ್ಷರಗಳ ಒಂದೇ ಸಾಲು. ಸಿಸ್ಟಮ್‌ಡಿ (ಬೂಟ್ ಆಗುವಾಗ ಸೇವೆಗಳನ್ನೆಲ್ಲ ಶುರುಮಾಡುವ ಸಾಫ್ಟ್‌ವೇರ್) ಇರುವ ಲಿನಕ್ಸ್ ತನ್ನನ್ನು ತಾನು ಗುರುತಿಸಿಕೊಳ್ಳುವುದು ಆ ಸಾಲಿನಿಂದ. ಅವಳಿ ಮಕ್ಕಳಿಗೆ ಹೆಸರು ಬೇರೆ ಬೇರೆ ಇಟ್ಟು, ಆಧಾರ್ ನಂಬರ್ ಮಾತ್ರ ಒಂದೇ ಕೊಟ್ಟರೆ ಹೇಗೋ ಹಾಗೆ. ಉಬುಂಟು ಸರ್ವರ್‌ನಲ್ಲಿ 18.04ರಿಂದ ಈಚೆಗೆ ನೆಟ್‌ವರ್ಕ್ ಹೊಂದಿಸುವ ನೆಟ್‌ಪ್ಲ್ಯಾನ್ ಬಂದ ಮೇಲೆ, ಡಿಎಚ್‌ಸಿಪಿಗೆ (ರೂಟರಿನಲ್ಲಿ ಐಪಿ ಹಂಚುವ ಸೇವೆ) ಐಪಿ ಕೇಳುವಾಗ ಮ್ಯಾಕ್ ಬದಲು ಈ ಐಡಿಯಿಂದ ಹುಟ್ಟಿದ ಗುರುತನ್ನೇ ಕಳಿಸುವುದು ಅದರ ರೂಢಿ. ಹಾಗಾಗಿ ಮ್ಯಾಕ್ ಬೇರೆಯಿದ್ದರೂ ರೂಟರ್ ಇಬ್ಬರನ್ನೂ ಒಬ್ಬನೇ ಎಂದುಕೊಂಡು ಒಂದೇ ಐಪಿ ಕೊಡಬಹುದು. ಎಲ್ಲ ರೂಟರುಗಳೂ ಹಾಗೆ ಮಾಡುವುದಿಲ್ಲ. ಅದಕ್ಕೇ ಆಫೀಸಿನಲ್ಲಿ ಸರಿಯಿದ್ದದ್ದು ಮಿಲ್ಲಿನಲ್ಲಿ ಕೈಕೊಡುತ್ತದೆ.

ಒಂದು ಮಿಲ್ಲಿನಲ್ಲಿ ಬಿಲ್ಲಿಂಗ್‌ಗೆ ಒಂದು ವಿಎಂ, ಲಾರಿ ಕಾಟಾಕ್ಕೆ ಇನ್ನೊಂದು. ಭತ್ತದ ಸೀಸನ್ನು, ಗೇಟಿನಾಚೆ ಲಾರಿ ಸಾಲು. ಕರೆಂಟ್ ಹೋಗಿ ಬಂದ ಮೇಲೆ ಕಾಟಾದ ತೂಕ ಒಮ್ಮೆ ಸೇವ್ ಆಗುತ್ತದೆ, ಒಮ್ಮೆ ಆಗುವುದಿಲ್ಲ. ಹುಡುಗ ಕೇಬಲ್ ಬದಲಿಸಿದ್ದ, ಸ್ವಿಚ್ ಬದಲಿಸಿದ್ದ, ಸಾಹುಕಾರರಿಂದ ಬೈಸಿಕೊಂಡೂ ಆಗಿತ್ತು. ಸರ್ವರ್‌ಗೆ ಸ್ಟ್ಯಾಟಿಕ್ (ಬದಲಾಗದ) ಐಪಿ ಕೊಡಬೇಕಿತ್ತಲ್ಲ ಎನ್ನುತ್ತೀರಿ. ಕೊಡಬೇಕಿತ್ತು, ಅದು ಬೇರೆ ಜಗಳ. ನಾನು ಕೇಳಿದ್ದು ಇಷ್ಟೇ: "ಮಷೀನ್-ಐಡಿ ಖಾಲಿ ಮಾಡಿದ್ಯೇನಪ್ಪ?"

"ಮಾಡಿನ್ರಿ ಅಣ್ಣ, ನೀವು ಹೇಳಿದಂಗ."

"ಆಮೇಲೆ?"

"ಆಮೇಲೆ ಏನಿಲ್ರಿ. ಎಲ್ಲಾ ಸರಿ ಐತೇನಂತ ಒಂದ್ಸಲ ಆನ್ ಮಾಡಿ ನೋಡಿದೆ. ಆಫ್ ಮಾಡಿ ಟೆಂಪ್ಲೇಟ್ ಮಾಡಿದೆ."

ಈ "ಒಂದ್ಸಲ ಆನ್ ಮಾಡಿ ನೋಡಿದೆ" ಎಂಬುದೇ ನನ್ನ ತಲೆ ತಿನ್ನುವುದು. ಖಾಲಿ ಫೈಲ್ ಕಂಡರೆ ಲಿನಕ್ಸ್ ಬೂಟ್ ಆಗುವಾಗಲೇ ಹೊಸ ಐಡಿ ಬರೆದುಬಿಡುತ್ತದೆ. ನಾವು ಖಾಲಿ ಬಿಡುವುದೇ ಅದಕ್ಕೆ, ಪ್ರತಿ ಕ್ಲೋನ್ ತನ್ನ ಮೊದಲ ಬೂಟ್‌ನಲ್ಲಿ ತನ್ನದನ್ನು ತಾನು ಬರೆದುಕೊಳ್ಳಲಿ ಎಂದು. ನೀವು ನಡುವೆ ಒಮ್ಮೆ ಆನ್ ಮಾಡಿದಿರೋ, ಆ ಮೊದಲ ಬೂಟ್ ಟೆಂಪ್ಲೇಟಿನಲ್ಲೇ ಮುಗಿದುಹೋಯಿತು. ಮುಂದೆ ತೆಗೆಯುವ ಕ್ಲೋನ್‌ಗಳಿಗೆಲ್ಲ ಅದೇ ಐಡಿ. ಒರೆಸಬೇಕು, ಅಲ್ಲಿಂದಲೇ ಪವರ್ ಆಫ್ ಮಾಡಬೇಕು, ಟೆಂಪ್ಲೇಟ್ ಮಾಡಬೇಕು. ಈ ಮೂರರ ನಡುವೆ ರೀಬೂಟ್ ಇಲ್ಲ, "ಸ್ವಲ್ಪ ನೋಡೋಣ" ಇಲ್ಲ. ನೋಡಲೇಬೇಕೆಂದರೆ ಟೆಂಪ್ಲೇಟಿನಿಂದ ಎರಡು ಕ್ಲೋನ್ ತೆಗೆದು ಅವನ್ನು ಆನ್ ಮಾಡಿ, ಎರಡರ ಮಷೀನ್-ಐಡಿ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಎರಡನ್ನೂ ಅಳಿಸಿ.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಟೆಂಪ್ಲೇಟ್ ಆದ ಮೇಲೆ ಅದು ಸ್ಟಾರ್ಟ್ ಆಗುವುದೇ ಇಲ್ಲ, ಪುಣ್ಯಕ್ಕೆ. ವಿಎಂ ಓಡಿಸುವ ಇನ್ನೊಂದು ಸಾಫ್ಟ್‌ವೇರ್ ವರ್ಚುವಲ್‌ಬಾಕ್ಸ್‌ನಲ್ಲಿ ತಡೆಯುವವರು ಯಾರೂ ಇಲ್ಲ. ಮೂರು ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡಬೇಕಾದಾಗಲೂ ಮೂಲವನ್ನು ಮುಟ್ಟಬೇಡಿ. ಪೂರ್ತಿ ಕ್ಲೋನ್ ತೆಗೆದು, ಅದನ್ನು ಅಪ್‌ಡೇಟ್ ಮಾಡಿ, ಮತ್ತೆ ಒರೆಸಿ, ತಾರೀಖು ಸೇರಿಸಿದ ಹೆಸರಿನಲ್ಲಿ ಹೊಸ ಟೆಂಪ್ಲೇಟ್ ಮಾಡಿ. ಇನ್ನೂ ಸೆಂಟ್‌ಓಎಸ್ 7 ಎಂಬ ಹಳೇ ಲಿನಕ್ಸಿನ ಟೆಂಪ್ಲೇಟಿನಿಂದಲೇ ಸರ್ವರ್ ಎಬ್ಬಿಸುವವರನ್ನು ನೋಡಿದ್ದೇನೆ. ಅದರ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿದೆ.

ಒರೆಸುವುದರಲ್ಲೂ ಒಂದು ಮರ್ಮವಿದೆ. ಫೈಲನ್ನು ಡಿಲೀಟ್ ಮಾಡದೆ, ಟ್ರಂಕೇಟ್ ಕಮಾಂಡಿನಿಂದ ಗಾತ್ರ ಸೊನ್ನೆ ಮಾಡುವುದು ವಾಸಿ. ವಾರ್ ಫೋಲ್ಡರಿನಲ್ಲಿ ಡಿಬಸ್ (ಪ್ರೋಗ್ರಾಂಗಳು ತಮ್ಮಲ್ಲೇ ಮಾತಾಡಿಕೊಳ್ಳುವ ಸೇವೆ) ಹೆಸರಿನಡಿ ಇದೇ ಐಡಿಯ ಇನ್ನೊಂದು ಪ್ರತಿ ಇರುತ್ತದೆ. ಅದು ಮೂಲ ಫೈಲಿನತ್ತ ಕೈತೋರಿಸುವ ಬರೀ ಲಿಂಕ್ ಆಗಿದ್ದರೆ ಸರಿ; ಕೆಲವು ಹಳೇ ವಿಎಂಗಳಲ್ಲಿ ನಿಜವಾದ ಫೈಲೇ ಆಗಿರುತ್ತದೆ. ಆಗ ಸಿಸ್ಟಮ್‌ಡಿ ಅಲ್ಲಿಂದಲೇ ಹಳೇ ಐಡಿಯನ್ನು ಎತ್ತಿ ತಂದು ಮತ್ತೆ ಬರೆಯುತ್ತದೆ. ಖಾಲಿ ಮಾಡಿದ್ದೆ, ಹೇಗೆ ವಾಪಸ್ ಬಂತು ಎಂದು ದೆವ್ವ ಕಂಡವರಂತೆ ಫೋನ್ ಮಾಡುವವರು ಇವರೇ.

ಎಸ್‌ಎಸ್‌ಎಚ್ ಹೋಸ್ಟ್ ಕೀಗಳದ್ದೂ ಇದೇ ಕತೆ. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ ಎಸ್‌ಎಸ್‌ಎಚ್; ಹೋಸ್ಟ್ ಕೀ ಎಂದರೆ ಅಲ್ಲಿ ಸರ್ವರ್ ತೋರಿಸುವ ಗುರುತು. ಎಲ್ಲ ಕ್ಲೋನ್‌ಗಳಲ್ಲಿ ಒಂದೇ ಕೀ ಇದ್ದರೆ, ಒಂದು ಸರ್ವರಿನ ರೂಟ್ (ಪೂರ್ತಿ ಅಧಿಕಾರ) ಸಿಕ್ಕವನಿಗೆ ಉಳಿದವುಗಳ ವೇಷ ಹಾಕುವ ದಾರಿ ಸಿಕ್ಕಿತು. ಅಳಿಸಿ, ಆದರೆ ಅಳಿಸುವ ಮೊದಲು ಹೊಸದು ಯಾರು ಹುಟ್ಟಿಸುತ್ತಾರೆ ಎಂದು ತಿಳಿದುಕೊಳ್ಳಿ. ರಾಕಿ ಲಿನಕ್ಸ್‌ನಂಥ ರೆಡ್‌ಹ್ಯಾಟ್ ಬಳಗದಲ್ಲಿ ಬೂಟ್ ಆಗುವಾಗ ತಾನೇ ಆಗುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಕ್ಲೌಡ್-ಇನಿಟ್ (ಮೊದಲ ಬೂಟ್‌ನಲ್ಲಿ ವಿಎಂ ಹೊಂದಿಸುವ ಪ್ರೋಗ್ರಾಂ) ಇಲ್ಲದಿದ್ದರೆ ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ಎಸ್‌ಎಸ್‌ಎಚ್ ಮೇಲೇಳುವುದೇ ಇಲ್ಲ. ಸರ್ವರ್ ರಾಯಚೂರಿನಲ್ಲಿ, ನೀವು ಬಳ್ಳಾರಿಯಲ್ಲಿ ಇದ್ದರೆ ಮೇ ತಿಂಗಳ ಬಿಸಿಲಲ್ಲಿ ಬಸ್ ಹತ್ತಬೇಕಾಗುತ್ತದೆ.

ಇಷ್ಟೆಲ್ಲ ತಾಪತ್ರಯ ಬೇಡ ಎನ್ನುವವರು ಉಬುಂಟು, ಡೆಬಿಯನ್‌ನವರೇ ಕೊಡುವ ಕ್ಲೌಡ್ ಇಮೇಜಿನಿಂದ (ಮೊದಲೇ ಸಿದ್ಧವಾದ ಡಿಸ್ಕ್ ಪ್ರತಿ) ಶುರುಮಾಡಿ. ಲಿನಕ್ಸಿನಲ್ಲೇ ವಿಎಂ ಓಡಿಸುವ ಕೆವಿಎಂ ಇದ್ದರೆ ವರ್ಟ್-ಸಿಸ್‌ಪ್ರೆಪ್ ಬಳಸಿ: ವಿಎಂ ಆಫ್ ಇರುವಾಗಲೇ ಡಿಸ್ಕನ್ನು ಹೊರಗಿನಿಂದ ಒರೆಸುತ್ತದೆ, ಆನ್ ಮಾಡುವ ಆಸೆಯೇ ಹುಟ್ಟುವುದಿಲ್ಲ. ಓಡುತ್ತಿರುವ ವಿಎಂ ಮೇಲೆ ಮಾತ್ರ ಅದನ್ನು ಬಿಡಬೇಡಿ, ಡಿಸ್ಕ್ ಹಾಳಾಗಬಹುದು.

ಈಗಾಗಲೇ ಅವಳಿಗಳು ಓಡುತ್ತಿದ್ದರೆ? ಒಂದರ ಐಡಿ ಖಾಲಿ ಮಾಡಿ, ಡಿಬಸ್ ಪ್ರತಿ ನೋಡಿ, ಕೆಲಸ ಇಲ್ಲದ ಹೊತ್ತಲ್ಲಿ ರೀಬೂಟ್ ಕೊಡಿ. ಆಮೇಲೆ ಜರ್ನಲ್‌ನಲ್ಲಿ (ಸಿಸ್ಟಮ್‌ಡಿ ಬರೆದಿಡುವ ದಾಖಲೆ) ಹಳೇ ಲಾಗ್ ಕಾಣಲಿಲ್ಲವೆಂದು ಗಾಬರಿಯಾಗಬೇಡಿ. ಲಾಗುಗಳು ಹಳೇ ಐಡಿಯ ಹೆಸರಿನ ಫೋಲ್ಡರಿನಲ್ಲೇ ಇರುತ್ತವೆ, ಮರ್ಜ್ ಆಯ್ಕೆ ಕೊಟ್ಟರೆ ಕಾಣುತ್ತವೆ. ಆದರೆ ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಆ ವಿಎಂನಲ್ಲಿದ್ದರೆ ಮೊದಲು ಅದರವರಿಗೆ ಫೋನ್ ಮಾಡಿ. ಕೆಲವರು ಲೈಸೆನ್ಸನ್ನು ಈ ಐಡಿಗೇ ಕಟ್ಟಿರುತ್ತಾರೆ.